ಐನೂರು ಡಾಲರ್ ಫೀಸು

ನನ್ನ ಬಿಇ ಫೀಸಿಗೆ ಅಪ್ಪ ಸಾಲಕ್ಕೆ ಓಡಾಡಿದ್ದನ್ನು ನೋಡಿದವನು ನಾನು. ಹಾಗಾಗಿ ಅಮೆರಿಕದ ಜಿ.ಐ. ಬಿಲ್ ಬಗ್ಗೆ ಓದಿದಾಗ ಮೊದಲು ಹೊಟ್ಟೆಕಿಚ್ಚೇ ಆಯ್ತು. 1944ರ ಜೂನ್ 22ರಂದು ರೂಸ್‌ವೆಲ್ಟ್ ಸಹಿ ಹಾಕಿದ ಕಾನೂನು ಅದು. ಯುದ್ಧದಿಂದ ವಾಪಸ್ಸಾದ ಸೈನಿಕ ಕಾಲೇಜು ಸೇರಿದರೆ ವರ್ಷಕ್ಕೆ 500 ಡಾಲರ್‌ವರೆಗೆ ಫೀಸು ಸರ್ಕಾರದ್ದು. ಮದುವೆಯಾಗದವನಿಗೆ ತಿಂಗಳಿಗೆ 50 ಡಾಲರ್ ಕೈಖರ್ಚು ಬೇರೆ. ಆಗ ಹಾರ್ವರ್ಡ್ ಫೀಸೂ ಅಷ್ಟರೊಳಗೇ ಮುಗೀತಿತ್ತು! ಕಾಲೇಜುಗಳು ಅಲೆಮಾರಿಗಳ ಬಿಡಾರ ಆಗುತ್ತವೆ ಅಂತ ಷಿಕಾಗೋ ವಿಶ್ವವಿದ್ಯಾಲಯದ ಮುಖ್ಯಸ್ಥ ಹಚಿನ್ಸ್ ಹೆದರಿದ್ದರು. ಸುಮಾರು 22 ಲಕ್ಷ ಜನ ಬಂದರು, ಚೆನ್ನಾಗೇ ಓದಿದರು.

ಕಾನೂನಿನಲ್ಲಿ ಬಣ್ಣದ ಮಾತಿರಲಿಲ್ಲ. ಆದರೆ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ಕಾಲೇಜುಗಳು ಕಪ್ಪು ಸೈನಿಕರನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಅವರಿಗೆಂದೇ ಇದ್ದ ಕಾಲೇಜುಗಳಲ್ಲಿ ಸೀಟು ಸಾಲದೆ, ಫೀಸಿನ ಹಕ್ಕು ಕೈಯಲ್ಲಿದ್ದರೂ ಸಾವಿರಾರು ಮಂದಿ ಬಾಗಿಲಿಂದಲೇ ವಾಪಸ್ ಹೋದರು.