ರನ್ನ ಅಂತ ಯಾಕೆ ಹೆಸರಿಡಲ್ಲ?

ಮಗ ಹುಟ್ಟಿದಾಗ ರನ್ನ ಅಂತ ಹೆಸರಿಡೋಣ ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ತೊಟ್ಟಿಲದಾಗಿನ ಕೂಸಿಗೆ ಎಲ್ಲಾರೂ ಚಿನ್ನ, ರನ್ನ ಅಂತಾರಪಾ. ಅದು ಮುದ್ದು ಮಾಡೋ ಮಾತು, ಹೆಸರಲ್ಲ" ಅಂದರು.

ನಮ್ಮದು ಮುಧೋಳದ ಕಡೆಯ ಹಳ್ಳಿ. ಬಳೆಗಾರರ ಮನೆಯಲ್ಲಿ ಹುಟ್ಟಿ ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿ ಅನ್ನಿಸಿಕೊಂಡ ರನ್ನನ ಸೀಮೆ. ರನ್ನಬೆಳಗಲಿ ಅಂತ ಊರೇ ಇದೆ. ಊರಿಗೆ ಒಪ್ಪಿದ ಹೆಸರು ಕೂಸಿಗೆ ಯಾಕೆ ಒಪ್ಪಲ್ಲ?

ಶಾಲೆಯ ಹಾಜರಿ ನೆನಪಿಸಿಕೊಂಡೆ. ಬಸವರಾಜ, ಪ್ರಭು, ಸಿದ್ದರಾಮ, ಚನ್ನಬಸಪ್ಪ, ಎಲ್ಲ ವಚನಕಾರರ ಹೆಸರೇ. ಒಬ್ಬಳು ಅಕ್ಕಮಹಾದೇವಿಯೂ ಇದ್ದಳು. 'ಅಕ್ಕ' ಅನ್ನೋ ಗೌರವವೂ ಹೆಸರಿಗೇ ಅಂಟಿಕೊಂಡಿರೋದರಿಂದ ಮಾಸ್ತರರೂ ಆ ಹುಡುಗಿಯನ್ನು ಅಕ್ಕ ಅಂತಲೇ ಕೂಗಬೇಕಿತ್ತು. ಆದರೆ ಪಂಪ, ಪೊನ್ನ, ರನ್ನ, ಜನ್ನ ಯಾರೂ ಇರಲಿಲ್ಲ. ಹೊಸಪೇಟೆ ಕಡೆ ಪಂಪಾಪತಿ, ಪಂಪಣ್ಣ ಸಿಗುತ್ತಾರೆ, ನಿಜ. ಅದು ಕವಿಯ ಹೆಸರಲ್ಲ, ಹಂಪಿಯ ಪಂಪಾದೇವಿ, ವಿರೂಪಾಕ್ಷರದ್ದು.

ಹಳಗನ್ನಡ ಜನರಿಗೆ ತಲುಪಲಿಲ್ಲ, ಅದಕ್ಕೇ ಹೀಗೆ ಅನ್ನಬಹುದು. ಪಂಪ 941ರಲ್ಲಿ ಬರೆದ ಭಾರತವನ್ನು ಬಿ.ಎಲ್. ರೈಸ್ ಅಚ್ಚು ಹಾಕಿಸಿದ್ದು 1898ರಲ್ಲಿ. ಅಲ್ಲಿವರೆಗೆ ಅದು ಓಲೆಗರಿಯಲ್ಲೇ ಇತ್ತು. ಆದರೆ ಗದುಗಿನ ಭಾರತವನ್ನು ಹಳ್ಳಿಹಳ್ಳಿಯಲ್ಲಿ ಓದಿಸಿ ಕೇಳುತ್ತಿದ್ದರಲ್ಲ? ಆದರೂ ಯಾರೂ ಮಗನಿಗೆ ಕುಮಾರವ್ಯಾಸ ಅಂತ ಇಡಲಿಲ್ಲ. ನಮ್ಮಲ್ಲಿ ಹೆಸರು ಬರೋದು ಮನೆದೇವರಿಂದ, ಗುರುವಿನಿಂದ, ಇಲ್ಲಾ ಹಿರಿಯರಿಂದ. ಬಸವಣ್ಣ, ಅಕ್ಕ ತೊಟ್ಟಿಲಿಗೆ ಬಂದದ್ದು ಶರಣರಾಗಿ, ಕವಿಗಳಾಗಿ ಅಲ್ಲ.

ಕವಿಯ ಹೆಸರನ್ನು ಕವಿಗಳೇ ಎತ್ತಿಕೊಂಡದ್ದುಂಟು. ನಾಗಚಂದ್ರ ತನ್ನನ್ನು ಅಭಿನವ ಪಂಪ ಅಂತ ಕರೆದುಕೊಂಡ. ಗದುಗಿನ ನಾರಣಪ್ಪ ಕುಮಾರವ್ಯಾಸ ಆದ. ತೊರವೆ ರಾಮಾಯಣ ಬರೆದ ನರಹರಿ ಕುಮಾರ ವಾಲ್ಮೀಕಿ ಆದ. ಅಂದರೆ ಅದು ಹುಟ್ಟಿದ ಕೂಸಿಗೆ ಇಡೋ ಹೆಸರಲ್ಲ, ಬರೆದು ದಕ್ಕಿಸಿಕೊಳ್ಳಬೇಕಾದ ಬಿರುದು.

ಹಾಗಾದರೆ ರನ್ನ ತನ್ನ ಮಕ್ಕಳಿಗೆ ಏನು ಹೆಸರಿಟ್ಟ? ಮಗ ರಾಯ, ಮಗಳು ಅತ್ತಿಮಬ್ಬೆ. ರಾಯ ಅಂದರೆ ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯ. ಅತ್ತಿಮಬ್ಬೆ ಅಂದರೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದ ದಾನಚಿಂತಾಮಣಿ. 993ರಲ್ಲಿ ರನ್ನ ಅಜಿತಪುರಾಣ ಬರೆದದ್ದೂ ಅವಳ ಆಶ್ರಯದಲ್ಲೇ. ಹಿಂದಿನ ಯಾವ ಮಹಾಕವಿಯ ಹೆಸರನ್ನೂ ಅವನು ಹುಡುಕಲಿಲ್ಲ. ಕೈಹಿಡಿದು ಮೇಲೆತ್ತಿದವರ ಹೆಸರಿಟ್ಟ.

ಇಷ್ಟು ಓದಿದ ಮೇಲೆ ನನಗೆ ಅಪ್ಪ ಯಾಕೆ ಸುಮ್ಮನಿದ್ದರು ಅಂತ ಗೊತ್ತಾಯ್ತು. ಎರಡೆಕರೆ ಹೊಲ ಮಾರಿ ನನ್ನ ಬಿಇ ಫೀಸು ಕಟ್ಟಿದವರು ಅಜ್ಜ. ಅವರು ತೀರಿಕೊಂಡು ಆಗ ವರ್ಷವೂ ಆಗಿರಲಿಲ್ಲ. ಅಪ್ಪ ಬಾಯಿಬಿಟ್ಟು ಕೇಳಿರಲಿಲ್ಲ, ಅಷ್ಟೇ.

ಮಗನಿಗೆ ಅಜ್ಜನ ಹೆಸರನ್ನೇ ಇಟ್ಟೆವು. ಆದರೆ ಹಿರಿಯರ ಹೆಸರು ಹಿಡಿದು ಕೂಸನ್ನು ಬೈಯೋದು, ಗದರಿಸೋದು ನಮ್ಮ ಮನೆಯಲ್ಲಿ ಇಲ್ಲ. ಹಡೆದ ಅಪ್ಪನ ಹೆಸರನ್ನು ಕೂಗೋಕೆ ನಮ್ಮಪ್ಪನಿಗೆ ಬಾಯೇ ಬರಲ್ಲ. ಹಾಗಾಗಿ ಮೊಮ್ಮಗ ಅಂಗಳದಿಂದ ರಸ್ತೆಗೆ ಓಡಿದಾಗೆಲ್ಲ ಅವರು ಕೂಗೋದು ಒಂದೇ ಮಾತು:

"ಏ ರನ್ನಾ, ಒಳಗ ಬಾರೋ!"