ಆಕ್ಸೆಸ್ ಗ್ರಿಡ್

ಬೇರೆ ಬೇರೆ ಊರು, ದೇಶಗಳಲ್ಲಿರುವ ಸಂಶೋಧನಾ ತಂಡಗಳು ತಂತಮ್ಮ ಸಭಾಕೊಠಡಿಯಲ್ಲೇ ಕುಳಿತು ಒಟ್ಟಾಗಿ ಚರ್ಚೆ, ಉಪನ್ಯಾಸ, ತರಬೇತಿ ನಡೆಸಲೆಂದು ರೂಪುಗೊಂಡ ವಿಡಿಯೊ ಸಂವಾದ ವ್ಯವಸ್ಥೆ. ಅಮೆರಿಕದ ಇಲಿನಾಯ್ ರಾಜ್ಯದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ರಿಕ್ ಸ್ಟೀವನ್ಸ್ ಮುಂದಾಳತ್ವದ ಫ್ಯೂಚರ್ಸ್ ಲ್ಯಾಬ್ 1990ರ ದಶಕದ ಕೊನೆಯಲ್ಲಿ ಇದನ್ನು ಕಟ್ಟಿತು. ವ್ಯಕ್ತಿಗೂ ವ್ಯಕ್ತಿಗೂ ನಡುವಿನ ಕರೆಗಿಂತ ಗುಂಪಿಗೂ ಗುಂಪಿಗೂ ನಡುವಿನ ಮಾತುಕತೆಯೇ ಇದರ ಗುರಿಯಾಗಿತ್ತು. ಉಳಿದೆಲ್ಲ ವಿವರಗಳೂ ಹುಟ್ಟಿದ್ದು ಈ ಒಂದು ಆಯ್ಕೆಯಿಂದ.

ಮುಖ ನೋಡಿ ಮಾತಾಡುವ ಫೋನಿನ ಕನಸು ಹಳೆಯದು. ಎಟಿ ಅಂಡ್ ಟಿ ಕಂಪನಿ 1964ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಪಿಕ್ಚರ್‌ಫೋನನ್ನು ಪ್ರದರ್ಶಿಸಿತು. 1970ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ಸೇವೆಯನ್ನೂ ಆರಂಭಿಸಿತು. ದುಬಾರಿಯಾದ್ದರಿಂದ ಕೊಳ್ಳುವವರು ಸಿಗಲಿಲ್ಲ. ಮುಂದೆ ಐಎಸ್‌ಡಿಎನ್ ಎಂಬ ಡಿಜಿಟಲ್ ಫೋನ್ ತಂತಿಗಳ ಮೇಲೆ ನಡೆಯುವ ಸಭಾಕೊಠಡಿಗಳು ದೊಡ್ಡ ಕಂಪನಿಗಳಿಗೆ ಬಂದವು. ಅಲ್ಲಿ ಯಂತ್ರವೂ ದುಬಾರಿ, ನಿಮಿಷದ ಲೆಕ್ಕದ ಬಿಲ್ಲೂ ದುಬಾರಿ.

ವಿಜ್ಞಾನಿಗಳು ಹಿಡಿದದ್ದು ಇಂಟರ್ನೆಟ್ಟಿನ ದಾರಿ. ಹತ್ತು ಕಡೆಗೆ ಒಂದೇ ಚಿತ್ರ ಹೋಗಬೇಕಾದರೆ ಕಳಿಸುವ ಕಂಪ್ಯೂಟರ್ ಹತ್ತು ಪ್ರತಿ ಕಳಿಸಬೇಕಾಗಿಲ್ಲ, ಒಂದನ್ನು ಕಳಿಸಿದರೆ ದಾರಿ ಕವಲೊಡೆಯುವಲ್ಲಿ ರೂಟರ್‌ಗಳೇ ಪ್ರತಿ ಮಾಡಿಕೊಳ್ಳುತ್ತವೆ ಎಂಬ ಉಪಾಯವನ್ನು ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀವ್ ಡೀರಿಂಗ್ ಬೆಳೆಸಿದ್ದರು. ಇದೇ ಮಲ್ಟಿಕಾಸ್ಟ್, ಇದರ ನಿಯಮಗಳು 1989ರಲ್ಲಿ ಪ್ರಕಟವಾದವು. 1992ರ ಮಾರ್ಚ್‌ನಲ್ಲಿ ಸ್ಯಾನ್ ಡಿಯೇಗೊದಲ್ಲಿ ನಡೆದ ಇಂಟರ್ನೆಟ್ ಎಂಜಿನಿಯರುಗಳ ಸಭೆಯ ಧ್ವನಿ ಈ ವಿಧಾನದಲ್ಲಿ ಬೇರೆ ಖಂಡಗಳಿಗೂ ತಲುಪಿತು. ಹೀಗೆ ಬೆಳೆದ ಜಾಲಕ್ಕೆ ಎಂಬೋನ್ ಎಂದು ಹೆಸರಾಯಿತು. ಅದರ ಮೇಲೆ ಓಡಲು ಬರ್ಕ್ಲಿಯ ಪ್ರಯೋಗಾಲಯದವರು ‘ವಿಕ್’ ಎಂಬ ವಿಡಿಯೊ ತಂತ್ರಾಂಶವನ್ನೂ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ‘ರ‍್ಯಾಟ್’ ಎಂಬ ಧ್ವನಿ ತಂತ್ರಾಂಶವನ್ನೂ ಬರೆದು ಪುಕ್ಕಟೆಯಾಗಿ ಹಂಚಿದರು. ಆರ್ಗಾನ್ ತಂಡ ಹೊಸ ಚಿತ್ರತಂತ್ರವನ್ನೇನೂ ಕಂಡುಹಿಡಿಯಲಿಲ್ಲ. ಕೈಗೆ ಸಿಕ್ಕ ಈ ಸಲಕರಣೆಗಳ ಸುತ್ತ ಒಂದು ಕೊಠಡಿಯನ್ನು ವಿನ್ಯಾಸ ಮಾಡಿತು. ಅದರ ಹೆಚ್ಚುಗಾರಿಕೆ ಇದೇ.

ಅಂಥ ಕೊಠಡಿಗೆ ‘ನೋಡ್’ ಎಂದು ಹೆಸರು. ಸಾಮಾನ್ಯವಾಗಿ ಒಂದು ನೋಡ್‌ನಲ್ಲಿ ಮೂರು ಪ್ರೊಜೆಕ್ಟರ್, ನಾಲ್ಕು ಕ್ಯಾಮೆರಾ, ಮೇಜಿನ ಮೇಲೂ ಚಾವಣಿಯಲ್ಲೂ ಮೈಕುಗಳು, ಇವನ್ನೆಲ್ಲ ನಡೆಸಲು ನಾಲ್ಕು ಕಂಪ್ಯೂಟರ್ ಇರುತ್ತಿದ್ದವು. ಒಂದು ಚಿತ್ರಗಳನ್ನು ಗೋಡೆಗೆ ಹರಡುತ್ತಿತ್ತು, ಒಂದು ಕ್ಯಾಮೆರಾಗಳನ್ನು ನೋಡಿಕೊಳ್ಳುತ್ತಿತ್ತು, ಒಂದು ಧ್ವನಿಗೆ, ಇನ್ನೊಂದು ನಿಯಂತ್ರಣಕ್ಕೆ. ಪ್ರತಿ ಚಿತ್ರವೂ ಬರೀ 352×288 ಚುಕ್ಕೆಗಳದ್ದು, ಇವತ್ತಿನ ಕಣ್ಣಿಗೆ ಮಸುಕು. ಆದರೆ ಗೋಡೆಯಗಲ ಹರಡಿದ ಹತ್ತಾರು ಕಿಟಕಿಗಳಲ್ಲಿ ಎಲ್ಲ ಊರಿನವರೂ ಒಮ್ಮೆಲೇ ಕಾಣುತ್ತಿದ್ದರು. ಮಾತಾಡುವವರು ಮಾತ್ರವಲ್ಲ, ಆಕಳಿಸುವವರು, ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟುವವರು ಕೂಡ.

ಕೊಠಡಿ ಗೆಲ್ಲುವುದು ಸೋಲುವುದು ಚಿತ್ರದಿಂದಲ್ಲ, ಧ್ವನಿಯಿಂದ. ದೂರದವರ ಮಾತು ಇಲ್ಲಿಯ ಸ್ಪೀಕರಿನಿಂದ ಹೊರಬಿದ್ದು ಇಲ್ಲಿಯ ಮೈಕಿಗೆ ಹೊಕ್ಕರೆ ಜಾಲದ ಮೂಲಕ ಅವರಿಗೇ ವಾಪಸಾಗುತ್ತದೆ. ತನ್ನದೇ ಮಾತು ತಡವಾಗಿ ಕಿವಿಗೆ ಬಿದ್ದವರು ತೊದಲತೊಡಗುತ್ತಾರೆ. ಇದರಲ್ಲೊಂದು ತಮಾಷೆಯಿದೆ: ತಪ್ಪು ಯಾವ ಕೊಠಡಿಯದ್ದೋ ಆ ಕೊಠಡಿಯವರಿಗೆ ಮಾತ್ರ ಪ್ರತಿಧ್ವನಿ ಕೇಳಿಸದು. ಆದ್ದರಿಂದ ನೋಡ್ ಆಪರೇಟರುಗಳು ಸಭೆಯುದ್ದಕ್ಕೂ ಹಿನ್ನೆಲೆಯಲ್ಲಿ ಬರಹದ ಚಾಟ್ ತೆರೆದಿಟ್ಟುಕೊಂಡು, ‘ನಿಮ್ಮ ಮೈಕ್ ಮುಚ್ಚಿ ನೋಡಿ’ ಎಂಬಂಥ ಸೂಚನೆ ಕೊಡುತ್ತ ಒಂದೊಂದೇ ಕೊಠಡಿಯನ್ನು ತಪಾಸಣೆ ಮಾಡುತ್ತಿದ್ದರು. ಪ್ರತಿಧ್ವನಿ ಅಳಿಸುವ ಎಕೋ ಕ್ಯಾನ್ಸೆಲರ್ ಎಂಬ ಪೆಟ್ಟಿಗೆಯನ್ನು ಕೊಠಡಿಗೆ ತಕ್ಕಂತೆ ಹೊಂದಿಸುವುದೇ ಒಂದು ಕಸುಬು. ಎದುರಿಗೆ ಬರಿಯ ಗಾಜಿನ ಗೋಡೆ, ಮೇಲೆ ಗೊರಗುಡುವ ಎಸಿ ಇದ್ದರೆ ಯಾವ ಪೆಟ್ಟಿಗೆಯೂ ಉಪಯೋಗಕ್ಕೆ ಬಾರದು. ಧ್ವನಿ ಹೀರುವ ಪರದೆ, ನೆಲಹಾಸಿನ ಖರ್ಚು ಉಳಿಸಿ ಒಳ್ಳೆಯ ಕ್ಯಾಮೆರಾ ಕೊಂಡವರಿಗೆ ಲಾಭವಾದದ್ದು ಕಡಿಮೆ.

1999ರಲ್ಲಿ ಅಮೆರಿಕದ ಸೂಪರ್‌ಕಂಪ್ಯೂಟಿಂಗ್ ಒಕ್ಕೂಟವೊಂದು ನಡೆಸಿದ ‘ಶಟಾಕ್ವಾ’ ಎಂಬ ಸರಣಿ ಕಾರ್ಯಕ್ರಮಗಳು ವ್ಯವಸ್ಥೆಯ ಮೊದಲ ದೊಡ್ಡ ಪರೀಕ್ಷೆ. 2001ರ ನವೆಂಬರಿನಲ್ಲಿ ಡೆನ್ವರ್‌ನ ಸೂಪರ್‌ಕಂಪ್ಯೂಟಿಂಗ್ ಸಮ್ಮೇಳನದ ಅಂಗವಾಗಿ ಎಸ್‌ಸಿ ಗ್ಲೋಬಲ್ ಎಂಬ ಕಾರ್ಯಕ್ರಮ ನಡೆದು, ಹಲವು ಖಂಡಗಳ ನೋಡ್‌ಗಳು ಕೂಡಿಕೊಂಡವು. ಬ್ರಿಟನ್ನಿನಲ್ಲಿ ಇ-ಸೈನ್ಸ್ ಯೋಜನೆಯ ಕೇಂದ್ರಗಳು ಇದನ್ನು ದಿನಬಳಕೆಗೆ ತಂದವು. ಮ್ಯಾಂಚೆಸ್ಟರಿನಲ್ಲಿ ನೆರವಿನ ಕೇಂದ್ರವೂ ತೆರೆಯಿತು. 2003ರಲ್ಲಿ ಸಾರ್ಸ್ ಹಬ್ಬಿದಾಗ ತೈವಾನಿನ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಕೇಂದ್ರ ಹೊರದೇಶದ ಸಂಶೋಧಕರ ನೆರವಿನಿಂದ ಆಸ್ಪತ್ರೆಗಳಲ್ಲಿ ಇದೇ ವ್ಯವಸ್ಥೆಯನ್ನು ಅವಸರದಲ್ಲಿ ಜೋಡಿಸಿತು. ಸೋಂಕಿನ ಭಯದಿಂದ ಒಂದೆಡೆ ಸೇರಲಾಗದ ವೈದ್ಯರಿಗೆ ಅದು ಒದಗಿತು. ಒಂದೇ ಕಂಪ್ಯೂಟರಿನ ಸಣ್ಣ ಆವೃತ್ತಿಯೂ ಬಂತು. ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ ಅದಕ್ಕೆ ‘ಪಿಗ್’ ಎಂದು ಅಡ್ಡಹೆಸರಿಟ್ಟರು.

ತೊಡಕಾದದ್ದು ಮಲ್ಟಿಕಾಸ್ಟ್. ದಾರಿಯ ಒಂದೇ ಒಂದು ರೂಟರ್ ಒಪ್ಪದಿದ್ದರೂ ಒಂದೂರಿನವರು ಇನ್ನೊಂದೂರಿನವರಿಗೆ ಕಾಣುತ್ತಿರಲಿಲ್ಲ. ಯಾರಿಂದ ಯಾರಿಗೆ ತಲುಪುತ್ತಿದೆ ಎಂದು ಬಣ್ಣದ ಚೌಕಗಳಲ್ಲಿ ತೋರಿಸುವ ‘ಬೀಕನ್’ ತಂತ್ರಾಂಶವನ್ನು ನೋಡುತ್ತ ಕೂರುವುದು ಆಪರೇಟರುಗಳ ಪಾಡಾಯಿತು. ಫೈರ್‌ವಾಲ್ ಬಿಗಿಯಿದ್ದ ಸಂಸ್ಥೆಗಳು ಚಿತ್ರ, ಧ್ವನಿಗಳನ್ನು ನಡುವೆ ನಿಂತು ದಾಟಿಸುವ ‘ಬ್ರಿಡ್ಜ್’ ಸರ್ವರಿನ ಮೊರೆಹೋದವು. ಕ್ಯಾಲ್‌ಟೆಕ್‌ನಲ್ಲಿ ಕಣ ಭೌತವಿಜ್ಞಾನಿಗಳಿಗಾಗಿ ಬೆಳೆದ ವಿಆರ್‌ವಿಎಸ್ ಎಂಬ ವಿಡಿಯೊ ಸಂವಾದ ವ್ಯವಸ್ಥೆ ಮೊದಲಿನಿಂದಲೂ ಇಂಥ ನಡುವಣ ಸರ್ವರುಗಳನ್ನೇ ನೆಚ್ಚಿತ್ತು. ಕಾಲ ಕಳೆದಂತೆ ಆ ಬಗೆಯೇ ಮೇಲಾಯಿತೆನ್ನಬೇಕು.

ಭಾರತದಲ್ಲಿ ದೂರದ ತರಗತಿಯ ಪ್ರಯೋಗ ಬೇರೆ ದಾರಿಯಲ್ಲಿ ನಡೆಯಿತು. 2004ರ ಸೆಪ್ಟೆಂಬರಿನಲ್ಲಿ ಹಾರಿದ ಎಜುಸ್ಯಾಟ್ ಉಪಗ್ರಹದ ಯೋಜನೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಮೊದಲ ಪ್ರಾಯೋಗಿಕ ಹಂತದ ಪಾಲುದಾರನಾಯಿತು. ಆದರೆ ಅದು ಸ್ಟುಡಿಯೊದಿಂದ ಅನೇಕ ಕಾಲೇಜುಗಳಿಗೆ ಪಾಠ ಹರಿಯುವ ಏರ್ಪಾಡು; ಸಮಾನರ ಸಭೆಯಲ್ಲ. ಸಂಶೋಧನಾ ಸಂಸ್ಥೆಗಳ ನಡುವೆ ವೇಗದ ತಂತಿ ಎಳೆಯುವ ರಾಷ್ಟ್ರೀಯ ಜ್ಞಾನ ಜಾಲಕ್ಕೆ ಕೇಂದ್ರ ಸಂಪುಟ 2010ರಲ್ಲಿ ಒಪ್ಪಿಗೆ ಕೊಟ್ಟಿತು.

ಅಷ್ಟರಲ್ಲಿ ಲ್ಯಾಪ್‌ಟಾಪಿನಲ್ಲೇ ಕ್ಯಾಮೆರಾ ಬಂದು, ಸ್ಕೈಪ್, ಆಮೇಲೆ ಝೂಮ್ ಹರಡಿ ಆಕ್ಸೆಸ್ ಗ್ರಿಡ್ ಬಳಕೆ ತಗ್ಗಿತು. ಕೋವಿಡ್ ಕಾಲದಲ್ಲಿ ಪ್ರತಿಯೊಬ್ಬರೂ ಮನೆಯಲ್ಲಿ ಇಯರ್‌ಫೋನ್ ಹಾಕಿ ಕುಳಿತಿದ್ದರಿಂದ ಪ್ರತಿಧ್ವನಿಯ ಕಾಟ ಹೆಚ್ಚು ಕಾಡಲಿಲ್ಲ. ಅರ್ಧ ಜನ ಕಚೇರಿಗೆ ಮರಳಿ ಒಂದೇ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪಿನ ಮೈಕ್ ತೆರೆದರೆ ಏಳುವ ಕೂಗಾಟಕ್ಕೆ ಕಾರಣ ಮಾತ್ರ ಆಗಿನದೇ.