ಅತ್ತಿಮಬ್ಬೆಯ ಹೆಸರಿನಲ್ಲಿರುವ ‘ಅಬ್ಬೆ’

ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರನ್ನು ಕೇಳದ ಕನ್ನಡಿಗರು ವಿರಳ. ಆಕೆಯ ಹೆಸರಿನಲ್ಲಿ ಕರ್ನಾಟಕ ಸರ್ಕಾರ ಲೇಖಕಿಯರಿಗೆ ಪ್ರಶಸ್ತಿಯನ್ನೂ ನೀಡುತ್ತ ಬಂದಿದೆ. ಆದರೆ ನನ್ನ ಅಧ್ಯಾಪನದ ಅಷ್ಟೂ ವರ್ಷಗಳ ಹಾಜರಿ ಪುಸ್ತಕಗಳಲ್ಲಿ ಆ ಹೆಸರಿನ ಒಬ್ಬ ವಿದ್ಯಾರ್ಥಿನಿಯನ್ನೂ ನಾನು ಕಾಣಲಿಲ್ಲ. ಕಿವಿಗೆ ಒರಟು ಎಂಬುದೇ ಕಾರಣವಿರಬೇಕು. ಒರಟಾಗಿ ಕೇಳಿಸುವ ಆ ಕೊನೆಯ ಭಾಗದಲ್ಲಿಯೇ ಹೆಸರಿನ ಸೊಗಸು ಅಡಗಿದೆ.

ಹಳಗನ್ನಡದಲ್ಲಿ ‘ಅಬ್ಬೆ’ ಎಂದರೆ ತಾಯಿ. ಹತ್ತನೆಯ ಶತಮಾನದ ಹೆಸರುಗಳನ್ನು ನೋಡಿರಿ: ಅತ್ತಿಮಬ್ಬೆ, ಆಕೆಯ ತಂಗಿ ಗುಂಡಮಬ್ಬೆ, ರನ್ನನ ತಾಯಿ ಅಬ್ಬಲಬ್ಬೆ, ಪಂಪನ ತಾಯಿ ಅಬ್ಬಣಬ್ಬೆ. ಪಂಪನ ತಾಯಿಯ ಹೆಸರು ನಮಗೆ ತಿಳಿದದ್ದು, ಅವನ ತಮ್ಮ ಜಿನವಲ್ಲಭನು ಈಗಿನ ತೆಲಂಗಾಣದ ಕುರ್ಕ್ಯಾಲದಲ್ಲಿ ಬರೆಯಿಸಿದ ಶಾಸನದಿಂದ. ನಾಗರಖಂಡ ಎಪ್ಪತ್ತನ್ನು ಆಳಿದ ಜಕ್ಕಿಯಬ್ಬೆಯೂ ಇದೇ ಸಾಲಿನವಳು. ‘ಜಕ್ಕಿ’ ಎಂಬುದು ‘ಯಕ್ಷಿ’ಯ ತದ್ಭವ. ಮುಂದೆ ಹೊಯ್ಸಳರ ಕಾಲದಲ್ಲಿ ಶಾಂತಲೆಯ ತಾಯಿ ಮಾಚಿಕಬ್ಬೆ.

ಮಕ್ಕಳಾದ ಮೇಲೆ ಗೌರವಕ್ಕಾಗಿ ‘ಅಬ್ಬೆ’ಯನ್ನು ಸೇರಿಸುತ್ತಿದ್ದರೇನೋ ಎಂದು ಯಾರಿಗಾದರೂ ಅನ್ನಿಸಬಹುದು. ಅದಕ್ಕೆ ಉತ್ತರ ರನ್ನನ ಮನೆಯಲ್ಲಿಯೇ ಇದೆ. ಅತ್ತಿಮಬ್ಬೆಯು ಗಂಡ ನಾಗದೇವನನ್ನು ಕಳೆದುಕೊಂಡವಳು. ಅವನ ಇನ್ನೊಬ್ಬ ಹೆಂಡತಿಯಾಗಿದ್ದ ಗುಂಡಮಬ್ಬೆ ಸಹಗಮನ ಮಾಡಿದಳು; ಅತ್ತಿಮಬ್ಬೆ ಮಗ ಅಣ್ಣಿಗದೇವನಿಗಾಗಿ ಉಳಿದಳು. ಉಳಿದು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗಳಲ್ಲಿ ಬರೆಯಿಸಿ ಹಂಚಿದಳು. ಅಚ್ಚುಕೂಟವಿಲ್ಲದ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಎಷ್ಟು ಲಿಪಿಕಾರರ ಬೆರಳು ಸವೆದಿರಬೇಕು! ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು. ಅಲ್ಲಿನ ಶಾಸನದ ಕಾಲ 1007. ಆಕೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ರಚಿಸಿದ ರನ್ನನು ತನ್ನ ಮಗನಿಗೆ ಚಾವುಂಡರಾಯನ ನೆನಪಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಅಂದರೆ ತೊಟ್ಟಿಲಿನ ಕೂಸನ್ನೇ ‘ಅಬ್ಬೆ’ ಎಂದು ಕರೆದದ್ದಾಯಿತು. ಇದರಲ್ಲಿ ವಿಚಿತ್ರವೇನಿಲ್ಲ. ಮೂರು ವರ್ಷದ ಮಗಳನ್ನು ‘ಬಾರವ್ವಾ’, ‘ನನ್ನ ತಾಯಿ’ ಎಂದು ನಾವು ಇಂದಿಗೂ ಕರೆಯುತ್ತೇವೆ.

ಹನ್ನೆರಡನೆಯ ಶತಮಾನದ ಶರಣೆಯರ ಹೆಸರುಗಳಿಗೆ ಬರುವಷ್ಟರಲ್ಲಿ ಬಕಾರವು ವಕಾರವಾಗಿ ಮೆತ್ತಗಾಗಿದೆ: ಗೊಗ್ಗವ್ವೆ, ಕಾಳವ್ವೆ, ರೇಮವ್ವೆ. ಕೊನೆಯ ಎಕಾರವೂ ಅಕಾರವಾದರೆ ಉತ್ತರ ಕರ್ನಾಟಕದ ಮಲ್ಲವ್ವ, ಗಂಗವ್ವ, ನೀಲವ್ವ. ಹವ್ಯಕರ ಮನೆಗಳಲ್ಲಿ ಮಾತ್ರ ತಾಯಿ ಈಗಲೂ ‘ಅಬ್ಬೆ’ಯೇ. ತುಳುವಿನ ‘ಅಪ್ಪೆ’, ತಮಿಳರ ಔವೈಯಾರ್ ಕೂಡ ಇದೇ ಬಳ್ಳಿಯವು.

ಹತ್ತನೆಯ ತರಗತಿಯ ಪರೀಕ್ಷೆಗೆ ಅರ್ಜಿ ತುಂಬುವ ದಿನಗಳಲ್ಲಿ ಕೆಲವು ಹುಡುಗಿಯರು ಮೇಜಿನ ಬಳಿ ಬಂದು, ‘ಸರ್, ಗಂಗವ್ವ ಬೇಡ, ಗಂಗಾ ಅಂತ ಬರೀರಿ’ ಎಂದು ಮೆಲ್ಲಗೆ ಕೇಳುತ್ತಿದ್ದರು. ದಾಖಲೆಯಲ್ಲಿದ್ದಂತೆಯೇ ಬರೆಯಬೇಕೆಂಬುದು ನಿಯಮ. ಅದನ್ನು ಹೇಳಿದರೆ ಮುಖ ಬಾಡುತ್ತಿತ್ತು. ಆಮೇಲೆ ತರಗತಿಯಲ್ಲಿ ರನ್ನನ ಪದ್ಯ ಬಂದ ದಿನ, ಪಠ್ಯವನ್ನು ಬದಿಗಿರಿಸಿ, ಅವನ ಮಗಳ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆದು, ಅದರ ಕೆಳಗೆ ಗೊಗ್ಗವ್ವೆ, ಅದರ ಕೆಳಗೆ ಗಂಗವ್ವ ಎಂದು ಬರೆಯುತ್ತಿದ್ದೆ. ಹಿಂದಿನ ಬೆಂಚಿನವರು ನಗುತ್ತಿದ್ದರು. ಮುಂದಿನ ಸಾಲಿನಲ್ಲಿ ಒಬ್ಬಿಬ್ಬರು ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.